ಎರಡನೆಯ ತಂಡದ ಮೈದಾನದಲ್ಲಿ: ರಗ್ಬಿ ರಸಿಕರಿಗೊಂದು ಕೈಪಿಡಿ

ರಗ್ಬಿ ಆಟವನ್ನು ಹೊಸದಾಗಿ ನೋಡಹೊರಟವರಿಗೆ ನಾನು ಕೊಡುವ ಮೊದಲ ಸಲಹೆ, ಕಾರ್ಡಿಫಿನ ದೊಡ್ಡ ಕ್ರೀಡಾಂಗಣಕ್ಕೆ ಇಷ್ಟು ಬೇಗ ಹೋಗಬೇಡಿರೆಂಬುದು. ದಕ್ಷಿಣ ವೇಲ್ಸಿನ ಕಣಿವೆಗಳಲ್ಲಿ, ಒಂದು ಕಾಲಕ್ಕೆ ಕಲ್ಲಿದ್ದಲಿನ ಗಣಿಗಳನ್ನೇ ನಂಬಿ ಬದುಕಿದ್ದ ಯಾವುದಾದರೊಂದು ಊರಿಗೆ, ಚಳಿಗಾಲದ ಶನಿವಾರದ ಮಧ್ಯಾಹ್ನ ಹೋಗಿ, ಅಲ್ಲಿಯ ಕ್ಲಬ್ಬಿನ ಎರಡನೆಯ ತಂಡ ಆಡುತ್ತಿರುವ ಮೈದಾನದ ಅಂಚಿನಲ್ಲಿ ನಿಲ್ಲಿ. ದೊಡ್ಡ ಕ್ರೀಡಾಂಗಣದಲ್ಲಿ ಕಾಣುವುದು ಪಕ್ವವಾದ ಫಲ. ಅದು ಹೀಚಾಗಿ, ಕಾಯಾಗಿ, ದೋರೆಯಾಗಿ, ಕಡೆಗೆ ಹಣ್ಣಾಗುವ ಪರಿಯನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು.

ಆಟದ ಕಟ್ಟಳೆಗಳನ್ನೆಲ್ಲ ಕಲಿತು ಮುಗಿಸಿಯೇ ಬರಬೇಕೆಂದಿಲ್ಲ. ಒಂದೊಂದು ಪಕ್ಷಕ್ಕೆ 15 ಮಂದಿ, ಆಟದ ಅವಧಿ 80 ನಿಮಿಷ, ಎದುರಾಳಿಯ ಗೆರೆಯ ಆಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, ಅದಕ್ಕೆ 5 ಅಂಕ. ಮೊದಲ ದಿನಕ್ಕೆ ಇಷ್ಟು ಸಾಕು. ಆದರೆ ಒಂದು ನಿಯಮವನ್ನು ಮಾತ್ರ ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಳ್ಳಬೇಕು: ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಈ ಒಂದು ನಿಷೇಧದ ಫಲವಾಗಿ, ಚೆಂಡು ಹಿಡಿದು ಓಡುವವನು ಯಾವಾಗಲೂ ತನ್ನವರಿಗಿಂತ ಮುಂದೆ, ಎದುರಾಳಿಗಳ ಸಮೀಪದಲ್ಲಿ, ಒಂಟಿಯಾಗಿ ಇರುತ್ತಾನೆ. ಅವನನ್ನು ಕೆಡವಿದ ಕ್ಷಣದಲ್ಲಿ ಹಿಂದಿನಿಂದ ಧಾವಿಸಿ ಬಂದು ಚೆಂಡನ್ನು ಕಾಯುವ ಇಬ್ಬರು ಮೂವರು ಇಲ್ಲವಾದರೆ ಅವನ ಶೌರ್ಯವೆಲ್ಲ ನಿಷ್ಫಲವಾಗುತ್ತದೆ. ನಮ್ಮ ಕಬಡ್ಡಿಯಲ್ಲಿ ದಾಳಿಗೆ ಹೋದವನು ಗೆರೆ ಮುಟ್ಟುವವರೆಗೂ ಒಬ್ಬನೇ. ಇಲ್ಲಿ ಅವನ ಒಂಟಿತನವನ್ನು ನೀಗಿಸಲೆಂದೇ ಉಳಿದ ಹದಿನಾಲ್ವರು ಓಡುತ್ತಾರೆ.

ಆದುದರಿಂದ ರಸಿಕನ ಕಣ್ಣು ಚೆಂಡನ್ನು ಬಿಟ್ಟು ಅಲೆಯುವುದನ್ನು ಕಲಿಯಬೇಕು. ಒಮ್ಮೆ ಇಂಥದೇ ಮೈದಾನದಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು, ಬಹುಕಾಲ ಆ ಕ್ಲಬ್ಬಿನ ಆಯ್ಕೆ ಸಮಿತಿಯಲ್ಲಿದ್ದವರು, ಚೆಂಡು ಎಡಕ್ಕೆ ಹೋಗಿ ಜನರೆಲ್ಲ ಕೂಗುತ್ತ ಎಡಕ್ಕೆ ಕತ್ತು ಹೊರಳಿಸಿದಾಗ, ತಾವು ಮಾತ್ರ ಬಲಕ್ಕೇ ನೋಡುತ್ತಿದ್ದರು. ಅಲ್ಲಿ 7ನೆಯ ಅಂಕಿಯ ಅಂಗಿ ತೊಟ್ಟ ಹುಡುಗನೊಬ್ಬ, ಆಗ ತಾನೆ ಒಬ್ಬನನ್ನು ತೊಡೆಗಳಿಗೆ ಭುಜ ಕೊಟ್ಟು ಕೆಡವಿದ್ದವನು, ಕೆಸರಿನಲ್ಲಿ ಅಂಗೈಯೂರಿ ಎದ್ದು, ಮುಖ ಒರೆಸಿಕೊಳ್ಳುವಷ್ಟೂ ತಡೆಯದೆ, ಚೆಂಡು ಹೋದ ಕಡೆಗಲ್ಲದೆ ಅದು ಮುಂದೆ ಬರಬಹುದಾದ ಕಡೆಗೆ ಓಡತೊಡಗಿದ್ದ. ಅವನು ಅಲ್ಲಿಗೆ ಮುಟ್ಟಿದನು. ಎರಡು ಉಸಿರಿನ ಅನಂತರ ಚೆಂಡೂ ಅಲ್ಲಿಗೇ ಬಂದಿತು. ವೃದ್ಧರು ಏನನ್ನೂ ಹೇಳಲಿಲ್ಲ, ಒಮ್ಮೆ ತಲೆದೂಗಿದರು. ಸಂಗೀತದ ಕಚೇರಿಯಲ್ಲಿ ಮುಂದಿನ ಸಾಲಿನ ಹಿರಿಯರ ತಲೆದೂಗನ್ನು ಕಂಡವರಿಗೆ ಅದರ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ. ಅಂದಿನಿಂದ ನಾನೂ, ಬಿದ್ದವನು ಎಷ್ಟು ಬೇಗ ಏಳುತ್ತಾನೆ, ಎದ್ದವನು ಎತ್ತ ಓಡುತ್ತಾನೆ ಎಂಬುದನ್ನೇ ಮೊದಲು ನೋಡುತ್ತೇನೆ.

ಇನ್ನು ಆಟಗಾರನು ರೂಪುಗೊಳ್ಳುವ ಬಗೆ. ಈ ಆಟದಲ್ಲಿರುವಷ್ಟು ದೇಹವೈವಿಧ್ಯವನ್ನು ನಾನು ಬೇರೆಲ್ಲಿಯೂ ಕಾಣೆ: ಎರಡೂ ಪಕ್ಷದವರು ಬಗ್ಗಿ, ಭುಜಕ್ಕೆ ಭುಜ ಕೊಟ್ಟು ನೂಕಾಡುವ ಸ್ಕ್ರಮ್ಮಿನ ಮೊದಲ ಸಾಲಿನಲ್ಲಿ ಕಂಬದಂಥ ಕುತ್ತಿಗೆಯ ಪ್ರಾಪ್‌ಗಳು, ಅವರ ನಡುವೆ ಹುಕರ್, ಹಿಂದೆ ಆಜಾನುಬಾಹುಗಳಾದ ಲಾಕ್‌ಗಳು, 9ನೆಯ ಅಂಗಿಯಲ್ಲಿ ಹಲವೊಮ್ಮೆ ಎಲ್ಲರಿಗಿಂತ ಗಿಡ್ಡನಾದ ಸ್ಕ್ರಮ್ ಹಾಫ್, ಬದಿಗಳಲ್ಲಿ ಓಟಗಾರರು. ಯಾವ ಹುಡುಗನು ಯಾವ ಸ್ಥಾನಕ್ಕೆ ತಕ್ಕವನೆಂಬುದು ಅವನಿಗೇ ತಿಳಿದಿರುವುದಿಲ್ಲ. ಎಳೆಯ ಮಕ್ಕಳು ಸೊಂಟಕ್ಕೆ ಪಟ್ಟಿ ಸಿಕ್ಕಿಸಿಕೊಂಡು, ಕೆಡಹುವುದಕ್ಕೆ ಬದಲಾಗಿ ಅದನ್ನು ಕಿತ್ತುಕೊಳ್ಳುತ್ತ ಆಟವನ್ನು ಆರಂಭಿಸುವ ವಯಸ್ಸಿನಲ್ಲಿ, ಎಲ್ಲರೂ ಎಲ್ಲ ಸ್ಥಾನಗಳಲ್ಲಿಯೂ ಓಡಾಡುವುದೇ ಹಿತ. ಗ್ವಾನ್-ಕೈ-ಗುರ್ವೆನ್ ಎಂಬ ಹಳ್ಳಿಯ ಗಣಿಕಾರ್ಮಿಕನ ಮಗ ಗ್ಯಾರೆತ್ ಎಡ್ವರ್ಡ್ಸ್ ಸೆಂಟರ್ ಸ್ಥಾನದಲ್ಲಿ ಆಡಬಯಸಿದ್ದ ಬಾಲಕ. ಬಿಲ್ ಸ್ಯಾಮ್ಯುಯಲ್ ಎಂಬ ವ್ಯಾಯಾಮದ ಮೇಷ್ಟರು ಅವನ ಮೈಯನ್ನೂ ಮನಸ್ಸನ್ನೂ ಅಳೆದು ಸ್ಕ್ರಮ್ ಹಾಫ್ ಆಗಿ ತಿದ್ದಿದರು. ಆತ 1967ರಿಂದ 1978ರವರೆಗೆ, ಒಂದನ್ನೂ ತಪ್ಪಿಸದೆ, ವೇಲ್ಸಿನ ಪರವಾಗಿ 53 ಪಂದ್ಯಗಳನ್ನಾಡಿದನು. ಅದೇ ಕಾಲದ ಔಟ್‌ಸೈಡ್ ಹಾಫ್ ಬ್ಯಾರಿ ಜಾನ್, ಕೆವ್ನೈಥಿನ್ ಎಂಬ ಹಳ್ಳಿಯಲ್ಲಿ ಬಾಲಕನಾಗಿದ್ದಾಗ, ಅದೇ ಊರಿನ ಆಟಗಾರ ಕಾರ್ವಿನ್ ಜೇಮ್ಸ್ ಒದ್ದು ಅಭ್ಯಾಸ ಮಾಡುತ್ತಿದ್ದ ಚೆಂಡುಗಳನ್ನು ಹೆಕ್ಕಿ ತಂದುಕೊಡುತ್ತಿದ್ದವನು. 1971ರಲ್ಲಿ ಬ್ರಿಟಿಷ್ ಲಯನ್ಸ್ ತಂಡ ನ್ಯೂಜಿಲೆಂಡನ್ನು ಅದರ ನೆಲದಲ್ಲಿಯೇ ಸೋಲಿಸಿದಾಗ ಕಾರ್ವಿನ್ ಜೇಮ್ಸ್ ತರಬೇತುದಾರ, ಬ್ಯಾರಿ ಜಾನ್ ಆ ತಂಡದ 10ನೆಯ ಅಂಗಿಯವನು. ಚೆಂಡು ಹೆಕ್ಕುವ ಹುಡುಗರನ್ನು ಈಗಲೂ ಪ್ರತಿ ಕ್ಲಬ್ಬಿನಲ್ಲಿ ನೋಡಬಹುದು. ಅವರನ್ನು ಗಮನಿಸಿರಿ.

ಎಲ್ಲರಿಗಿಂತ ನಿಧಾನವಾಗಿ ಹಣ್ಣಾಗುವವನು ಪ್ರಾಪ್. ಅವನ ವಿದ್ಯೆಯು ಕಣ್ಣಿಗೆ ಬೀಳುವಂಥದಲ್ಲ. ಎದುರಾಳಿಯ ಭಾರವನ್ನು ಬೆನ್ನೆಲುಬಿನಿಂದ ಓದಿ, ಪಾದಗಳನ್ನು ಒಂದಂಗುಲ ಹಿಂದಕ್ಕೋ ಮುಂದಕ್ಕೋ ಸರಿಸಿ, ಬೆನ್ನನ್ನು ಹಲಗೆಯಂತೆ ನೇರವಾಗಿ ಹಿಡಿಯುವ ಆ ಚಾತುರ್ಯ ವರ್ಷಗಳ ಸವೆತದಿಂದಲ್ಲದೆ ಬರಲಾರದು. ಪಾಂಟಿಪೂಲ್ ಕ್ಲಬ್ಬಿನಲ್ಲಿ ರೇ ಪ್ರಾಸರ್ ಎಂಬ ತರಬೇತುದಾರರು ತಮ್ಮ ಆಟಗಾರರನ್ನು ಊರ ಪಾರ್ಕಿನ ಗುಡ್ಡದ ಮೇಲಕ್ಕೆ ಓಡಿಸಿ ಓಡಿಸಿ ಹದ ಮಾಡಿದರು. ಅಲ್ಲಿಂದ ಬಂದ ಚಾರ್ಲಿ ಫಾಕ್ನರ್, ಬಾಬಿ ವಿಂಡ್ಸರ್, ಗ್ರಹಾಂ ಪ್ರೈಸ್ ಎಂಬ ಮೂವರು 1975ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ವೇಲ್ಸಿನ ಮೊದಲ ಸಾಲಾಗಿ ನಿಂತಾಗ ಪ್ರೈಸನಿಗೆ 23 ವಯಸ್ಸು, ಫಾಕ್ನರನಿಗೆ 33. ಇಬ್ಬರಿಗೂ ಅದು ದೇಶಕ್ಕಾಗಿ ಆಡಿದ ಮೊದಲ ಪಂದ್ಯ. ಫ್ರಾನ್ಸ್ 10–25ರಲ್ಲಿ ಸೋತಿತು. ಮೂವತ್ತು ದಾಟುವವರೆಗೆ ಒಬ್ಬ ಮನುಷ್ಯನನ್ನು ಕೈಬಿಡದೆ ಕಾದುಕೊಂಡಿದ್ದುದು ಕ್ಲಬ್ಬಿನ ಆಟ.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು. 1995ರಲ್ಲಿ ರಗ್ಬಿ ಯೂನಿಯನ್ ವೃತ್ತಿಪರ ಆಟವಾಗಿ, 2003ರಲ್ಲಿ ವೇಲ್ಸಿನಲ್ಲಿ ಪ್ರಾದೇಶಿಕ ತಂಡಗಳು ಏರ್ಪಟ್ಟ ಮೇಲೆ, ಚುರುಕಾದ ಬಾಲಕರನ್ನು ಮೀಸೆ ಮೂಡುವ ಮೊದಲೇ ಅಕಾಡೆಮಿಗಳು ಆರಿಸಿಕೊಳ್ಳುತ್ತವೆ. ಬೇಗ ಬೆಳೆದ ಮೈಗೆ ಇದರಿಂದ ಲಾಭ. ಹತ್ತೊಂಬತ್ತಕ್ಕೆ ಭುಜ ಅಗಲವಾಗುವ, ಇಪ್ಪತ್ತೈದಕ್ಕೆ ಆಟ ಅರ್ಥವಾಗುವ ಹುಡುಗನಿಗೆ ಊರ ಕ್ಲಬ್ಬಿನ ಹೊರತು ಬೇರೆ ಆಶ್ರಯ ವಿರಳ. ಅಂಥವನೊಬ್ಬನು ಎರಡನೆಯ ತಂಡದಲ್ಲಿ ಸದ್ದಿಲ್ಲದೆ ಬಲಿಯುತ್ತಿರುವುದನ್ನು ಒಂದು ಇಡೀ ಋತು ಹಿಂಬಾಲಿಸಿ ನೋಡುವುದಕ್ಕಿಂತ ಹೆಚ್ಚಿನ ಸುಖವನ್ನು ಈ ಆಟ ನನಗೆ ಕೊಟ್ಟಿಲ್ಲ.

ತಂಡದ ಪಟ್ಟಿಯನ್ನೂ ಓದಲು ಕಲಿಯಿರಿ. ಯಾರ ಹೆಸರು ಹೊಸದಾಗಿ ಸೇರಿತೆಂಬುದನ್ನು ಎಲ್ಲರೂ ನೋಡುತ್ತಾರೆ. ಯಾರ ಹೆಸರು ಇಲ್ಲವಾಯಿತೆಂಬುದನ್ನು ನೋಡಿ, ಆ ಶನಿವಾರ ಅವನಿರುವ ಮೈದಾನಕ್ಕೇ ಹೋಗಿರಿ. ಮೊದಲ ತಂಡದಿಂದ ಇಳಿದು ಬಂದ ಹಳೆಯ ಪ್ರಾಪ್ ಒಬ್ಬನನ್ನು ನಾನು ಹಾಗೆ ನೋಡಿದ್ದೇನೆ. ಅವನ ಪಕ್ಕಕ್ಕೆ ಹತ್ತೊಂಬತ್ತರ ಹುಕರ್. ಮೊದಲ ಸ್ಕ್ರಮ್ಮಿಗೆ ಬಗ್ಗುವ ಮುನ್ನ ಆ ಹುಡುಗನ ಕೈ ಅವನ ಬೆನ್ನಿನ ಮೇಲೆ ಎಲ್ಲಿ ಹಿಡಿಯಬೇಕೆಂದು ತಿಳಿಯದೆ ತಡಕಾಡುತ್ತಿತ್ತು. ಅವನು ತನ್ನ ಇನ್ನೊಂದು ಕೈಯಿಂದ ಅದನ್ನು ಹಿಡಿದು, ತನ್ನ ಕಂಕುಳ ಕೆಳಗೆ, ಅಂಗಿಯ ಬಟ್ಟೆ ಬಿಗಿಯಾಗಿ ಸಿಕ್ಕುವ ಜಾಗದಲ್ಲಿ ಇಟ್ಟು, ಅದರ ಮೇಲೆ ಒಮ್ಮೆ ಮೆಲ್ಲನೆ ತಟ್ಟಿ, ತಲೆ ಬಗ್ಗಿಸಿದನು.