ಪ್ರವಾಸಕಥನದಲ್ಲಿ ಹಾಸ್ಯ

ಪರದೇಶದ ಹಾದಿಯಲ್ಲಿ ಪಟ್ಟ ಪಾಡನ್ನು ಹಾಸ್ಯವಾಗಿ ಬಣ್ಣಿಸುವ ಕಥನಗಳು ನಮ್ಮಲ್ಲಿ ವಿರಳವಲ್ಲ. ಆದರೆ ಆ ನಗೆ ಯಾರ ಮೇಲಿನದೆಂಬುದನ್ನು ಸಹೃದಯರು ವಿಚಾರಿಸಬೇಕು. ಭರತಮುನಿಯು ಹಾಸವನ್ನು ಆರು ಬಗೆಯಾಗಿ ವಿಂಗಡಿಸಿ, ಸ್ಮಿತವನ್ನು ಉತ್ತಮರಿಗೂ, ಅಸ್ಥಾನದಲ್ಲಿ ನಗುವ ಅಪಹಸಿತವನ್ನು ಅಧಮರಿಗೂ ಹೇಳಿರುವನು. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಗಡೆಯಲ್ಲಿ ಓಡುವುವು. ಎಡಗಡೆಗೆ ಪಳಗಿದ ನಮ್ಮವನು ಅಲ್ಲಿ ತಬ್ಬಿಬ್ಬಾದರೆ ತಪ್ಪು ರಸ್ತೆಯದೇ? ಆ ದೇಶವನ್ನು ಹಳಿದು ನಗುವುದು ಅಪಹಸಿತ. ತನ್ನ ಅಭ್ಯಾಸಬಲಕ್ಕೆ ತಾನೇ ನಗುವುದು ಸ್ಮಿತ.

ಹಳ್ಳಿಯ ಬಾಳಿನ ಹಾಸ್ಯದಿಂದ ಹೆಸರಾದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಬರೆದ ‘ಅಮೆರಿಕಾದಲ್ಲಿ ಗೊರೂರು’ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಗೊರೂರು ಎಂಬುದು ಅವರ ಹೆಸರೂ ಹೌದು, ಊರೂ ಹೌದು. ನೋಡಿದ ದೇಶದಷ್ಟೇ ನೋಡಿದವನೂ ಗ್ರಂಥದ ವಸುವೆಂಬ ಮರ್ಮವನ್ನು ಆ ಶೀರ್ಷಿಕೆಯೇ ಸಾರುತ್ತದೆ.

ಹರಿಹರದವರಿಗೆ ಇದು ಹೊಸ ಮಾತಲ್ಲ. ೧೯೫೬ಕ್ಕೆ ಮುನ್ನ ತುಂಗಭದ್ರೆಯ ಆಚೆಯ ದಡ ಮೈಸೂರಿಗೆ ಸೇರಿರಲಿಲ್ಲ. ಸೇತುವೆ ದಾಟಿದೊಡನೆ ಹೊರಗಿನವರು ನಾವೇ. ಇಂದು ಮಕ್ಕಳಿರುವ ದೇಶಗಳಿಗೆ ಹೋಗಿಬರುವ ದಾವಣಗೆರೆಯ ಹಿರಿಯರು ಪ್ರವಾಸಕಥನ ಬರೆಯುವಾಗ ಇದನ್ನು ನೆನೆಯಲಿ. ‘ಪರದೇಶಿ’ ಎಂದರೆ ಕನ್ನಡದಲ್ಲಿ ದಿಕ್ಕಿಲ್ಲದವನೆಂದೂ ಅರ್ಥ. ಹಾದಿ ತಪ್ಪಿದಾಗ ಆ ಮಾತು ತನಗೇ ಸಲ್ಲುವುದೆಂದು ಒಪ್ಪಿದವನ ಹಾಸ್ಯವೇ ಬಾಳುವುದು.