ಒಡೆದ ಕ್ಯೂಬಿನ ಮುಖ

ಮದಕರಿಪುರದಲ್ಲಿ ಮನೆಗೆ ಮೋಲ್ಡ್ ಹಾಕಿಸುವವರು ಕಾಂಕ್ರೀಟಿನ ಗಟ್ಟಿತನಕ್ಕೆ ಮೇಸ್ತ್ರಿಯ ಮಾತನ್ನೇ ನಂಬುತ್ತಾರೆ. ಪಕ್ಕದ ಹೆದ್ದಾರಿ ಸೇತುವೆಗೆ ಮಾತು ಸಾಲದು. 150 ಮಿಲಿಮೀಟರಿನ ಕ್ಯೂಬ್ ಹಾಕಿ, 28 ದಿನ ಕ್ಯೂರಿಂಗ್ ಮಾಡಿ, ಯಂತ್ರದಲ್ಲಿ ಒಡೆದೇ ನೋಡಬೇಕು. ಎಂ25 ದರ್ಜೆಯೆಂದರೆ ಆ ಪುಟ್ಟ ಕ್ಯೂಬ್ ಸುಮಾರು 57 ಟನ್ ಭಾರ ತಡೆಯಬೇಕು.

ಎಲ್ಲರ ಕಣ್ಣೂ ಡಯಲಿನ ಅಂಕಿಯ ಮೇಲೆ. ಪಳಗಿದ ಲ್ಯಾಬಿನವರು ಒಡೆದ ಕ್ಯೂಬನ್ನೂ ತಿರುಗಿಸಿ ನೋಡುತ್ತಾರೆ. ನಾಲ್ಕೂ ಬದಿ ಹೆಚ್ಚುಕಡಿಮೆ ಸಮನಾಗಿ ಬಿರಿದು, ಯಂತ್ರದ ಪ್ಲೇಟಿಗೆ ತಾಗಿದ ಮೇಲು ಕೆಳಗಿನ ಮುಖಗಳು ಉಳಿದಿದ್ದರೆ ಪರೀಕ್ಷೆ ಸರಿ. ಸಡಿಲ ಚಕ್ಕೆ ಬಿಡಿಸಿದರೆ ಕೈಗೆ ಡಮರುವಿನಂಥ ಆಕಾರ ಬರುತ್ತದೆ: ಉಕ್ಕಿನ ಪ್ಲೇಟಿನ ಘರ್ಷಣೆ ಎರಡೂ ತುದಿಗಳನ್ನು ಹಿಗ್ಗದಂತೆ ಹಿಡಿದಿರುತ್ತದೆ, ನಡು ಮಾತ್ರ ಹೊರಕ್ಕೆ ಸಿಡಿಯುತ್ತದೆ. ಎಷ್ಟು ಚೆಂದದ ಲೆಕ್ಕ!

ಒಂದೇ ಬದಿ ಕುಸಿದಿದ್ದರೆ ಕಾಂಕ್ರೀಟನ್ನು ಬೈಯುವ ಮೊದಲು ಯಂತ್ರದತ್ತ ನೋಡಬೇಕು. ಕ್ಯೂಬ್ ನಡುಮಧ್ಯ ಕೂತಿತ್ತೇ? ಪ್ಲೇಟಿನ ಮೇಲೆ ಮರಳಿನ ಕಾಳು ಉಳಿದಿತ್ತೇ? ಕರಣೆಯಲ್ಲಿ ಸವರಿದ ಒರಟು ಮುಖವನ್ನೇ ಭಾರಕ್ಕೊಡ್ಡಿದರೇ? ಇಂಥ ತಪ್ಪಿನಲ್ಲಿ ಅಂಕಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ಬರುತ್ತದೆ. ಅಸಹಜವಾಗಿ ಒಡೆದದ್ದನ್ನು ದಾಖಲಿಸಬೇಕೆಂದು ಭಾರತೀಯ ಮಾನದಂಡ ಐಎಸ್ 516 ಹೇಳುತ್ತದೆ. ಒಡೆದ ಬಗೆಯ ಬಗ್ಗೆ ಒಂದು ಸಾಲೂ ಇಲ್ಲದ ವರದಿ ಕಂಡರೆ, ಅಂಕಿ ಎಷ್ಟೇ ದೊಡ್ಡದಿರಲಿ, ನನಗಂತೂ ಗುಮಾನಿ.