ನರಗುಂದದ ದುರ್ಗ: ಒಂದು ವಿಮರ್ಶೆ

1674ರಲ್ಲಿ ಶಿವಾಜಿಯು ಕಟ್ಟಿಸಿದನೆನ್ನುವ ನರಗುಂದದ ದುರ್ಗವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ 1858ರ ಬಂಡಾಯವೊಂದನ್ನೇ ವಿಸ್ತರಿಸಿ, ಎರೆಯ ಬಯಲಿನಿಂದ ನೆಟ್ಟಗೆದ್ದ ಆ ಬಂಡೆಯನ್ನು ಅಭೇದ್ಯವೆಂದು ಕೊಂಡಾಡುವರು. ಈ ಮಾತು ಪರೀಕ್ಷೆಗೆ ನಿಲ್ಲದು. ಆ ವರ್ಷದ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನ ವಧೆಯಾಯಿತು. ಜೂನ್ 1ರ ಕಾಳಗ ನಡೆದುದು ಕೆಳಗಿನ ಬಯಲಿನಲ್ಲಿ. ಮರುದಿನ ಇಂಗ್ಲಿಷರು ಏರಿಹೋದಾಗ ಕೋಟೆ ಬರಿದಾಗಿದ್ದಿತು.

ದುರ್ಗದ ನಿಜವಾದ ಸತ್ವಪರೀಕ್ಷೆಯಾದುದು 1785ರಲ್ಲಿ. ಟಿಪ್ಪುವಿನ ಸೇನಾಪತಿ ಬುರ್ಹಾನುದ್ದೀನನ ಮುತ್ತಿಗೆಯನ್ನು ವೆಂಕಟರಾವ ಭಾವೆಯೂ ಅವನ ಕಾರಭಾರಿ ಕಾಳೋಪಂತ ಪೇಠೆಯೂ ತಿಂಗಳುಗಟ್ಟಲೆ ತಡೆದರು. ಕೊನೆಗೆ ಕೋಟೆ ಬಿದ್ದುದು ಲಗ್ಗೆಯಿಂದಲ್ಲ, ಕೌಲಿನಿಂದ. ಆ ಕೌಲಾದರೂ ಉಳಿಯಲಿಲ್ಲ, ಇಬ್ಬರೂ ಸೆರೆಯಾದರು. ನರಗುಂದವು ಮರಾಠರಿಗೆ ಮರಳಿದುದೂ ಯುದ್ಧಬಲದಿಂದೆನ್ನುವುದಕ್ಕಿಂತ 1787ರ ಗಜೇಂದ್ರಗಡದ ಸಂಧಿಯಿಂದ. ಆ ಗಜೇಂದ್ರಗಡವೂ ಅದೇ ಸೀಮೆಯ ಗಿರಿದುರ್ಗವೇ.

ಆದುದರಿಂದ ಕಲ್ಲಿನ ಬಲವನ್ನು ವರ್ಣಿಸುವುದಕ್ಕಿಂತ ಕಲಹದ ಮೂಲವನ್ನು ಶೋಧಿಸುವುದು ಯುಕ್ತ. ಮೊದಲ ಸಲ ಅದು ಟಿಪ್ಪು ಹೆಚ್ಚಿಸಿ ಕೇಳಿದ ಕಪ್ಪ. ಎರಡನೆಯ ಸಲ, ಸಂತಾನವಿಲ್ಲದ ಭಾಸ್ಕರರಾವನಿಗೆ ಸರಕಾರವು ನಿರಾಕರಿಸಿದ ದತ್ತಕದ ಅನುಮತಿ. ಅವನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.